ಮನೆಗೊಂದು ಮರಿ ಬರುವ ಮುನ್ನ

ಪರೀಕ್ಷೆ ಮುಗಿದು ಬೇಸಿಗೆ ರಜೆ ಶುರುವಾದರೆ ಸಾಕು, ಎಷ್ಟೋ ಮನೆಗಳಲ್ಲಿ ಮಕ್ಕಳದು ಒಂದೇ ಹಟ: ‘ನಮಗೂ ಒಂದು ನಾಯಿಮರಿ ಬೇಕು.’ ಅಪ್ಪ ‘ನೋಡೋಣ’ ಎಂದು ಮಾತು ಮುಂದೂಡುತ್ತಾರೆ. ‘ಅದರ ಗಲೀಜು ಬಳಿಯೋರು ಯಾರು?’ ಎನ್ನುವುದು ಅಮ್ಮನ ಪ್ರಶ್ನೆ. ‘ನಮ್ಮ ಕಾಲದಲ್ಲಿ ಕೊಟ್ಟಿಗೆ ತುಂಬ ದನ ಇದ್ದವು, ಮಕ್ಕಳು ಅವುಗಳ ಮಧ್ಯೆಯೇ ಬೆಳೆದವು’ ಎಂದು ಅಜ್ಜಿ ನೆನಪಿಸುತ್ತಾರೆ. ಮೂವರ ಮಾತಿನಲ್ಲೂ ಹುರುಳಿದೆ.

ಒಂದೆರಡು ತಲೆಮಾರಿನ ಹಿಂದೆ ಕರ್ನಾಟಕದ ಹಳ್ಳಿಯ ಮಗುವಿಗೆ ಪ್ರಾಣಿಗಳ ಸಹವಾಸವನ್ನು ಯಾರೂ ಹುಡುಕಿ ತಂದುಕೊಡಬೇಕಾಗಿರಲಿಲ್ಲ. ಕರುವಿಗೆ ಹುಲ್ಲು ಹಾಕುವುದು, ಸಂಜೆ ಕೋಳಿಗಳನ್ನು ಪಂಜರಕ್ಕೆ ಸೇರಿಸುವುದು ಮಕ್ಕಳ ಪಾಲಿನ ಕೆಲಸಗಳಾಗಿದ್ದವು. ಮಣ್ಣೆತ್ತಿನ ಅಮಾವಾಸ್ಯೆಗೆ ಉತ್ತರ ಕರ್ನಾಟಕದ ಮಕ್ಕಳು ಇಂದಿಗೂ ಹಸಿ ಮಣ್ಣಿನಲ್ಲಿ ಎತ್ತು ಮಾಡಿ ಪೂಜಿಸುತ್ತಾರೆ. ಸಂಕ್ರಾಂತಿಯಂದು ಹಳೇ ಮೈಸೂರು ಭಾಗದಲ್ಲಿ ದನಗಳ ಮೈ ತೊಳೆದು, ಸಿಂಗರಿಸಿ, ಕಿಚ್ಚು ಹಾಯಿಸುವಾಗ ಮಕ್ಕಳೇ ಮುಂದೆ ಇರುತ್ತಾರೆ. ನಗರದ ಫ್ಲ್ಯಾಟಿನಲ್ಲಿ ಬೆಳೆಯುವ ಮಗುವಿಗೆ ಈ ಒಡನಾಟ ತಾನಾಗಿ ದಕ್ಕುವುದಿಲ್ಲ. ದೊಡ್ಡವರು ಯೋಚಿಸಿ, ತೀರ್ಮಾನಿಸಿ ಒದಗಿಸಬೇಕು.

ಪ್ರಾಣಿಗಳ ಸಂಗ ಮಕ್ಕಳಿಗೆ ಒಳ್ಳೆಯದೆಂಬ ನಂಬಿಕೆಗೆ ಸಂಶೋಧನೆಯ ಆಧಾರವೂ ಇದೆ. ಆದರೆ ಮರಿ ತಂದ ದಿನವೇ ಆ ಒಳಿತು ಕೈಸೇರುವುದಿಲ್ಲ. ಮಗು ಅದರ ಜೊತೆ ಕಳೆಯುವ ಹೊತ್ತು, ಅದಕ್ಕಾಗಿ ಮಾಡುವ ಕೆಲಸ, ಪಕ್ಕದಲ್ಲಿದ್ದು ಕಲಿಸುವ ಹಿರಿಯರು, ಈ ಮೂರೂ ಕೂಡಿದಾಗ ಮಾತ್ರ ಅದು ಸಿಗುತ್ತದೆ.

ಮಾತು ಬಿಚ್ಚಿಸುವ ಗೆಳೆಯ

ನ್ಯೂಯಾರ್ಕಿನ ಮಕ್ಕಳ ಮನಶ್ಶಾಸ್ತ್ರಜ್ಞ ಬೋರಿಸ್ ಲೆವಿನ್ಸನ್ ಅವರ ಬಳಿಗೆ ಒಮ್ಮೆ ಯಾರೊಡನೆಯೂ ಬೆರೆಯದ ಹುಡುಗನೊಬ್ಬನನ್ನು ಕರೆತಂದರು. ಅದುವರೆಗಿನ ಚಿಕಿತ್ಸೆಗಳಿಂದ ಫಲ ಸಿಕ್ಕಿರಲಿಲ್ಲ. ಹುಡುಗನ ಮನೆಯವರು ಹೇಳಿದ ವೇಳೆಗಿಂತ ಮೊದಲೇ ಬಂದಿದ್ದರಿಂದ ಲೆವಿನ್ಸನ್ ಅವರ ನಾಯಿ ಜಿಂಗಲ್ಸ್ ಇನ್ನೂ ಕೋಣೆಯಲ್ಲೇ ಇತ್ತು. ಅದು ಹುಡುಗನ ಹತ್ತಿರ ಓಡಿಹೋಗಿ ನೆಕ್ಕಿತು. ಹುಡುಗ ಹೆದರದೆ ಅದರ ಮೈ ಸವರಿದ. ಮುಂದಿನ ಭೇಟಿಗಳಲ್ಲಿ ಮೊದಲು ನಾಯಿಯ ಜೊತೆ ಆಟ, ನಿಧಾನವಾಗಿ ಲೆವಿನ್ಸನ್ ಜೊತೆ ಮಾತು ಬೆಳೆಯಿತು. 1961ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರ ಸಮ್ಮೇಳನದಲ್ಲಿ ಅವರು ಈ ಅನುಭವವನ್ನು ಮಂಡಿಸಿದಾಗ ಕೇಳಿದವರಲ್ಲಿ ಕೆಲವರು ನಕ್ಕರು. ಲೆವಿನ್ಸನ್ ಹಿಂಜರಿಯಲಿಲ್ಲ. 1969ರಲ್ಲಿ ಅದೇ ವಿಷಯದ ಮೇಲೆ ಪುಸ್ತಕವನ್ನೇ ಬರೆದರು. ಪ್ರಾಣಿಗಳ ನೆರವಿನ ಚಿಕಿತ್ಸೆ ಇಂದು ಹಲವು ದೇಶಗಳ ಆಸ್ಪತ್ರೆ, ಶಾಲೆಗಳಲ್ಲಿ ಬಳಕೆಯಲ್ಲಿದೆ.

ಆಸ್ಟ್ರೇಲಿಯಾದ ಶಾಲೆಗಳಲ್ಲಿ ಆಟಿಸಂ ಇರುವ ಮಕ್ಕಳ ಮೇಲೆ ನಡೆದ, 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ಇನ್ನಷ್ಟು ಸ್ಪಷ್ಟವಾಗಿದೆ. ಮಕ್ಕಳಿಗೆ ಸಹಪಾಠಿಗಳ ಜೊತೆ ಸ್ವಲ್ಪ ಹೊತ್ತು ಆಟಿಕೆಗಳನ್ನು, ಇನ್ನು ಸ್ವಲ್ಪ ಹೊತ್ತು ಗಿನಿಪಿಗ್‌ಗಳನ್ನು ಕೊಟ್ಟು ನೋಡಲಾಯಿತು. ಗಿನಿಪಿಗ್ ಇದ್ದಾಗ ಆ ಮಕ್ಕಳು ಹೆಚ್ಚು ಮಾತಾಡಿದರು, ಎದುರಿನವರ ಮುಖವನ್ನು ಹೆಚ್ಚು ನೋಡಿದರು, ಹೆಚ್ಚು ನಕ್ಕರು. ಇದು ಆಟಿಸಂಗೆ ಮದ್ದು ಎಂದು ಯಾರೂ ಹೇಳಿಲ್ಲ. ಆದರೆ ಇಬ್ಬರು ಮಕ್ಕಳ ನಡುವೆ ಒಂದು ಪುಟ್ಟ ಪ್ರಾಣಿ ಕೂತರೆ ಮಾತಿಗೆ ದಾರಿ ಸಲೀಸಾಗುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

ಓದಿನ ವಿಷಯದಲ್ಲೂ ಹೀಗೆಯೇ. ಪಕ್ಕದಲ್ಲಿ ಸ್ನೇಹದ ನಾಯಿಯೊಂದು ಇದ್ದಾಗ ಗಟ್ಟಿಯಾಗಿ ಓದುವ ಮಕ್ಕಳ ರಕ್ತದೊತ್ತಡ ಕಡಿಮೆ ಇರುತ್ತದೆ ಎಂದು 1983ರಲ್ಲೇ ಅಮೆರಿಕದ ಸಂಶೋಧಕರು ಅಳೆದು ತೋರಿಸಿದ್ದರು. 1999ರಲ್ಲಿ ಸಾಲ್ಟ್ ಲೇಕ್ ಸಿಟಿಯಲ್ಲಿ, ಓದಲು ಅಳುಕುವ ಮಕ್ಕಳನ್ನು ತರಬೇತಾದ ನಾಯಿಗಳ ಮುಂದೆ ಕೂರಿಸಿ ಓದಿಸುವ ಕಾರ್ಯಕ್ರಮ ಆರಂಭವಾಯಿತು. ಅದು ಈಗ ಹಲವು ದೇಶಗಳಿಗೆ ಹರಡಿದೆ. ಮಗು ತಡವರಿಸಿದರೆ ನಾಯಿ ನಗುವುದಿಲ್ಲ, ತಿದ್ದುವುದಿಲ್ಲ, ಪಕ್ಕದ ಮನೆಯ ಹುಡುಗನ ಜೊತೆ ಹೋಲಿಸುವುದೂ ಇಲ್ಲ. ಈಗಾಗಲೇ ನಾಯಿಯೋ ಬೆಕ್ಕೋ ಇರುವ ಮನೆಯಲ್ಲಿ ಇದನ್ನು ಇವತ್ತೇ ಮಾಡಿ ನೋಡಬಹುದು. ದಿನಕ್ಕೆ ಹತ್ತು ನಿಮಿಷ ಮಗು ಅದರ ಮುಂದೆ ಕೂತು ಪಾಠ ಓದಲಿ. ಆ ಹತ್ತು ನಿಮಿಷ ದೊಡ್ಡವರು ತಪ್ಪು ತಿದ್ದಲು ಹೋಗಬಾರದು, ಅಷ್ಟೇ.

ಕೊಟ್ಟಿಗೆಯ ಧೂಳು, ಮಗುವಿನ ಉಸಿರು

ಪ್ರಾಣಿ ಇದ್ದರೆ ಮಗುವಿಗೆ ಉಬ್ಬಸ ಬರುತ್ತದೆಂಬ ಭಯ ಅನೇಕರಿಗಿದೆ. ಸಂಶೋಧನೆಗಳು ಹೇಳುವ ಕತೆ ಅಷ್ಟು ಸರಳವಲ್ಲ.

ಅಮೆರಿಕದಲ್ಲಿ ಅಮಿಶ್ ಮತ್ತು ಹಟರೈಟ್ ಎಂಬ ಎರಡು ಕೃಷಿಕ ಸಮುದಾಯಗಳಿವೆ. ಮೂಲ ಯುರೋಪು, ಊಟ-ಉಡುಗೆಯ ರೀತಿ, ಜೀವನಶೈಲಿ ಎಲ್ಲದರಲ್ಲೂ ಇಬ್ಬರಿಗೂ ಸಾಕಷ್ಟು ಹೋಲಿಕೆ. ಅಮಿಶರದು ಮನೆಗೆ ಹತ್ತಿರದ ಹಟ್ಟಿ, ಕುದುರೆಯಿಂದ ಉಳುಮೆ, ಹಸುಗಳ ನಡುವೆ ಓಡಾಡುವ ಮಕ್ಕಳು. ಹಟರೈಟರದು ದೊಡ್ಡ ಯಂತ್ರಗಳ ಬೇಸಾಯ; ಜಾನುವಾರು ಮನೆಗಳಿಂದ ದೂರ. ಹಟರೈಟ್ ಮಕ್ಕಳಲ್ಲಿ ಶೇಕಡ 21ರಷ್ಟು ಮಂದಿಗೆ ಅಸ್ತಮಾ ಇದ್ದರೆ ಅಮಿಶ್ ಮಕ್ಕಳಲ್ಲಿ ಅದು ಶೇಕಡ 5ರ ಆಸುಪಾಸು. ಎರಡೂ ಕಡೆಯ ಮನೆಗಳ ಧೂಳನ್ನು ಪರೀಕ್ಷಿಸಿದಾಗ, ಹಟ್ಟಿಯಿಂದ ಬರುವ ಸೂಕ್ಷ್ಮಜೀವಿಗಳ ಅಂಶಗಳು ಅಮಿಶರ ಮನೆಯಲ್ಲಿ ಹಲವು ಪಟ್ಟು ಹೆಚ್ಚಿದ್ದವು. ಚಿಕ್ಕಂದಿನಲ್ಲೇ ಇವುಗಳ ಪರಿಚಯವಾದ ದೇಹದ ರೋಗನಿರೋಧಕ ಶಕ್ತಿ ಸಣ್ಣಪುಟ್ಟದಕ್ಕೆಲ್ಲ ಕೆರಳದಂತೆ ಪಳಗುತ್ತದೆ ಎಂಬುದು 2016ರಲ್ಲಿ ಪ್ರಕಟವಾದ ಆ ಅಧ್ಯಯನದ ಸಾರ.

2015ರ ಸ್ವೀಡನ್ನಿನ ಅಧ್ಯಯನ ಲಕ್ಷಾಂತರ ಮಕ್ಕಳ ದಾಖಲೆಗಳನ್ನು ಜಾಲಾಡಿತು. ಹುಟ್ಟಿದ ಮೊದಲ ವರ್ಷದಲ್ಲಿ ಮನೆಯಲ್ಲಿ ನಾಯಿ ಇದ್ದ ಮಕ್ಕಳಿಗೆ ಶಾಲೆಗೆ ಹೋಗುವ ವಯಸ್ಸಿನಲ್ಲಿ ಅಸ್ತಮಾ ಬರುವ ಸಾಧ್ಯತೆ ಸುಮಾರು ಶೇಕಡ 13ರಷ್ಟು ಕಡಿಮೆ ಎಂದು ಕಂಡುಬಂತು. ಸಾಕುಪ್ರಾಣಿಗಳ ಹಟ್ಟಿಯಲ್ಲಿ ಬೆಳೆದವರಲ್ಲಿ ಇಳಿಕೆ ಇನ್ನೂ ದೊಡ್ಡದು, ಹೆಚ್ಚುಕಡಿಮೆ ಅರ್ಧದಷ್ಟು.

ಒಂದು ಎಚ್ಚರಿಕೆ. ಈ ಫಲಿತಾಂಶಗಳು ಹೇಳುವುದು ಎಳವೆಯಿಂದಲೇ ಪ್ರಾಣಿಗಳ ನಡುವೆ ಇದ್ದ ಮಕ್ಕಳ ಬಗ್ಗೆ. ಈಗಾಗಲೇ ಉಬ್ಬಸ ಅಥವಾ ಅಲರ್ಜಿ ಇರುವ ಮಗುವಿಗೆ ನಾಯಿ ತಂದರೆ ವಾಸಿಯಾಗುತ್ತದೆ ಎಂದು ಇದರ ಅರ್ಥವಲ್ಲ; ಉಲ್ಬಣಿಸಲೂಬಹುದು. ಅಂಥ ಮನೆಯವರು ಮೊದಲು ಮಕ್ಕಳ ವೈದ್ಯರ ಸಲಹೆ ಕೇಳಲಿ. ಪ್ರಾಣಿ ಇರುವ ಪರಿಚಿತರ ಮನೆಗೆ ಮಗುವನ್ನು ಕೆಲವು ಸಲ ಕರೆದೊಯ್ದು ಸೀನು, ತುರಿಕೆ, ಉಬ್ಬಸ ಕಾಣಿಸುತ್ತದೆಯೇ ಎಂದು ನೋಡಿದ ಮೇಲೆ ನಿರ್ಧರಿಸಲಿ.

ಇದ್ದರಷ್ಟೇ ಸಾಲದು

ಅಮೆರಿಕದ ರ‍್ಯಾಂಡ್ ಸಂಸ್ಥೆ 2017ರಲ್ಲಿ ಕ್ಯಾಲಿಫೋರ್ನಿಯಾದ ಐದು ಸಾವಿರಕ್ಕೂ ಹೆಚ್ಚು ಮಕ್ಕಳ ಮಾಹಿತಿಯನ್ನು ಪರಿಶೀಲಿಸಿತು. ಮೇಲ್ನೋಟಕ್ಕೆ ನಾಯಿ, ಬೆಕ್ಕು ಸಾಕಿದ ಮನೆಯ ಮಕ್ಕಳ ಆರೋಗ್ಯ ಚೆನ್ನಾಗಿತ್ತು. ಕುಟುಂಬದ ಆದಾಯ, ಸ್ವಂತ ಮನೆ ಮುಂತಾದ ವ್ಯತ್ಯಾಸಗಳನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಆ ಅಂತರ ಬಹುಮಟ್ಟಿಗೆ ಕರಗಿಹೋಯಿತು. ಅಂದರೆ, ಮನೆಯಲ್ಲಿ ಪ್ರಾಣಿ ಇದೆ ಎಂಬ ಒಂದೇ ಕಾರಣಕ್ಕೆ ಮಗುವಿಗೆ ಲಾಭವಾಗುತ್ತದೆ ಎನ್ನಲಾಗದು. ಗೇಟಿನ ಬಳಿ ಸರಪಳಿ ಬಿಗಿದು ಕಟ್ಟಿಹಾಕಿದ ನಾಯಿಯಿಂದ ಮಗು ಕಲಿಯುವುದಾದರೂ ಏನು?

ಒಡನಾಟ ಎಂದರೇನು ಎಂಬುದಕ್ಕೆ ಚಿಂಪಾಂಜಿಗಳ ಅಧ್ಯಯನಕ್ಕೆ ಹೆಸರಾದ ಜೇನ್ ಗುಡಾಲ್ ಅವರ ಬಾಲ್ಯವೇ ಒಳ್ಳೆಯ ಉದಾಹರಣೆ. ನಾಲ್ಕೈದು ವರ್ಷದ ಜೇನ್‌ಗೆ, ಕೋಳಿಯ ಮೈಯಿಂದ ಅಷ್ಟು ದೊಡ್ಡ ಮೊಟ್ಟೆ ಹೇಗೆ ಹೊರಬರುತ್ತದೆ ಎಂಬ ಕುತೂಹಲ. ಕೋಳಿಗೂಡಿನೊಳಗೆ ನುಸುಳಿ, ಹುಲ್ಲಿನಲ್ಲಿ ಅಡಗಿ, ಗಂಟೆಗಟ್ಟಲೆ ಅಲುಗಾಡದೆ ಕಾದು ಕೂತಳು. ಮನೆಯವರು ಮಗು ಕಾಣೆಯಾಯಿತೆಂದು ಊರೆಲ್ಲ ಹುಡುಕುತ್ತಿದ್ದರು. ಹುಲ್ಲು ಮೆತ್ತಿಕೊಂಡು ಓಡಿಬಂದ ಮಗಳ ಕಣ್ಣಿನ ಹೊಳಪು ನೋಡಿ ತಾಯಿ ಬೈಯಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಕೋಳಿ ಮೊಟ್ಟೆಯಿಟ್ಟ ಕತೆಯನ್ನು ಪೂರ್ತಿ ಕೇಳಿದರು. ಪ್ರಾಣಿಗಳಿಗೂ ಮನಸ್ಸಿದೆ, ಒಂದೊಂದಕ್ಕೂ ಒಂದೊಂದು ಸ್ವಭಾವವಿದೆ ಎಂದು ತನಗೆ ಮೊದಲು ಕಲಿಸಿದ್ದು ರಸ್ಟಿ ಎಂಬ ನಾಯಿ ಎಂದು ಗುಡಾಲ್ ಮುಂದೆ ಹಲವೆಡೆ ಹೇಳಿಕೊಂಡರು. 1960ರಲ್ಲಿ ಅವರು ಚಿಂಪಾಂಜಿಗಳ ಅಧ್ಯಯನಕ್ಕೆಂದು ಗೊಂಬೆ ಕಾಡಿಗೆ ಹೋದಾಗ ಜೊತೆಗೆ ಇದ್ದದ್ದು ಕೋಳಿಗೂಡಿನ ಆ ತಾಳ್ಮೆಯೇ.

ಯಾವ ವಯಸ್ಸಿಗೆ ಯಾವ ಕೆಲಸ

‘ನಾಯಿ ತಂದರೆ ಎಲ್ಲ ನಾನೇ ನೋಡಿಕೊಳ್ತೀನಿ’ ಎಂದು ಎಂಟು ವರ್ಷದ ಮಗು ಕೊಡುವ ಮಾತು ಪ್ರಾಮಾಣಿಕವಾದದ್ದೇ. ಆದರೂ ಆ ಭರವಸೆಯ ಮೇಲೆ ಪ್ರಾಣಿಯನ್ನು ತರಬಾರದು. ನಾಯಿ ಹತ್ತು-ಹದಿಮೂರು ವರ್ಷ ಬಾಳುತ್ತದೆ, ಬೆಕ್ಕು ಹದಿನೈದಾದರೂ ಬಾಳೀತು. ಇಂದು ಮೂರನೇ ತರಗತಿಯಲ್ಲಿರುವ ಮಗು ಅಷ್ಟರಲ್ಲಿ ಕಾಲೇಜು ಸೇರಿ ಬೇರೆ ಊರಿಗೆ ಹೋಗಿರುತ್ತದೆ. ಹೊಣೆ ಯಾವತ್ತೂ ದೊಡ್ಡವರದೇ; ಮಕ್ಕಳದು ಅದರಲ್ಲೊಂದು ಪಾಲು.

ಐದು ವರ್ಷದೊಳಗಿನ ಮಗುವನ್ನು ಎಷ್ಟೇ ಸಾಧು ಪ್ರಾಣಿಯಾದರೂ ಅದರ ಜೊತೆ ಒಂಟಿಯಾಗಿ ಬಿಡಬಾರದು. ಬಾಲ ಎಳೆದರೆ ನೋವಾಗುತ್ತದೆ ಎಂಬುದು ಆ ವಯಸ್ಸಿಗೆ ತಿಳಿಯದು. ಕೈಯನ್ನು ಅಗಲವಾಗಿ ಬಿಡಿಸಿ ಮೆಲ್ಲಗೆ ಸವರುವುದು, ದೊಡ್ಡವರ ಜೊತೆ ನೀರಿನ ಬಟ್ಟಲು ತುಂಬುವುದು, ಇಷ್ಟು ಸಾಕು. ಕೋಳಿಮರಿ, ಬಾತುಮರಿ, ಆಮೆಯಂಥವನ್ನು ಈ ವಯಸ್ಸಿನ ಮಕ್ಕಳ ಕೈಗೆ ಕೊಡದಿರುವುದು ಕ್ಷೇಮ. ಅವುಗಳಿಂದ ಸಾಲ್ಮೊನೆಲ್ಲಾ ಸೋಂಕು ತಗಲಿ ಭೇದಿಯಾಗಬಹುದು.

ಆರರಿಂದ ಒಂಬತ್ತರವರೆಗೆ ಊಟ ಅಳೆದು ಹಾಕುವುದು, ಮೈ ಬಾಚುವುದು, ಮೀನಿಗೆ ಚಿಟಿಕೆ ಆಹಾರ ಉದುರಿಸುವುದು ಮಕ್ಕಳ ಪಾಲಿಗಿರಲಿ. ಮಾಡಿದ ಕೆಲಸಕ್ಕೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿದರೆ ಮರೆವು ಕಡಿಮೆಯಾಗುತ್ತದೆ. ಹತ್ತು ದಾಟಿದವರು ಗೂಡು ಶುಚಿಮಾಡಬಲ್ಲರು, ದೊಡ್ಡವರ ಜೊತೆ ನಾಯಿಯನ್ನು ವಾಕಿಂಗ್ ಕರೆದೊಯ್ಯಬಲ್ಲರು, ಪಶುವೈದ್ಯರ ಬಳಿಗೆ ಹೋದಾಗ ಲಸಿಕೆ ಪುಸ್ತಕ ಹಿಡಿದು ಮುಂದಿನ ತಾರೀಖು ಬರೆದುಕೊಳ್ಳಬಲ್ಲರು. ಬೀದಿಯಲ್ಲಿ ನಾಯಿ ಮಾಡಿದ ಗಲೀಜನ್ನು ಎತ್ತುವುದೂ ಈ ಪಾಠದ ಭಾಗವೇ. ಕೆಲಸ ಮರೆತ ದಿನ ‘ನಾಯಿಯನ್ನು ಕೊಟ್ಟುಬಿಡುತ್ತೇವೆ’ ಎಂದು ಹೆದರಿಸಬೇಡಿ. ಬೇಡವಾದಾಗ ಜೀವವನ್ನು ಬಿಸಾಕಬಹುದು ಎಂಬ ಪಾಠವನ್ನು ಮಗು ಅದರಿಂದ ಕಲಿತೀತು.

ಪ್ರಾಣಿಯನ್ನು ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯುವ ರೂಢಿ ಎಲ್ಲ ವಯಸ್ಸಿನವರಿಗೂ ಬೇಕು.

ಯಾವ ಮನೆಗೆ ಯಾವ ಪ್ರಾಣಿ

ನಾಯಿಗೆ ದಿನವೂ ನಡಿಗೆ ಬೇಕು, ಜನರ ಸಂಗ ಬೇಕು. ಅಪ್ಪ-ಅಮ್ಮ ಇಬ್ಬರೂ ಕೆಲಸಕ್ಕೆ ಹೋಗಿ, ಮಗು ಶಾಲೆಗೆ ಹೋಗಿ, ಮನೆಗೆ ಬೀಗ ಬೀಳುವುದಾದರೆ ನಾಯಿ ಒಂಟಿತನದಿಂದ ಒದ್ದಾಡುತ್ತದೆ. ಹಿಮದ ನಾಡಿಗೆ ಒಗ್ಗಿದ, ದಪ್ಪ ತುಪ್ಪಳದ ಹಸ್ಕಿ, ಸೇಂಟ್ ಬರ್ನಾರ್ಡ್‌ಗಳಿಗೆ ರಾಯಚೂರು, ಕಲಬುರಗಿಯ ಬಿಸಿಲು ಹಿಂಸೆಯೇ. ಬಾಗಲಕೋಟೆ ಜಿಲ್ಲೆಯ ಹೆಮ್ಮೆಯಾದ ಮುಧೋಳ ನಾಯಿ 2005ರಲ್ಲಿ ಅಂಚೆಚೀಟಿಯ ಮೇಲೂ ಬಂದ ತಳಿ. ಆದರೆ ಅದು ಓಡಲೆಂದೇ ಹುಟ್ಟಿದ ಬೇಟೆನಾಯಿ. ತೋಟ, ಬಯಲು ಇರುವವರಿಗೆ ಸೈ, ಎರಡು ಕೋಣೆಯ ಮನೆಗೆ ಅಲ್ಲ. ನಮ್ಮ ಬೀದಿಗಳಲ್ಲಿ ಹುಟ್ಟುವ ನಾಡತಳಿಯ ಮರಿಗಳು ಇಲ್ಲಿನ ಹವೆಗೆ ಒಗ್ಗಿದವು, ಚುರುಕಾದವು. ಪ್ರಾಣಿದಯಾ ಸಂಸ್ಥೆಗಳಿಂದ ಲಸಿಕೆ ಹಾಕಿಸಿದ ಮರಿಯನ್ನು ದತ್ತು ಪಡೆಯುವುದು ಒಳ್ಳೆಯ ದಾರಿ. ಕೊಳ್ಳುವುದೇ ಆದರೆ, ಎಂಟು ವಾರ ತುಂಬದ ಮರಿಯನ್ನು ಮಾರುವುದು ಕಾನೂನಿಗೆ ವಿರುದ್ಧ ಎಂಬುದು ನೆನಪಿರಲಿ. ನಗರಗಳಲ್ಲಿ ನಾಯಿಗೆ ಸ್ಥಳೀಯ ಸಂಸ್ಥೆಯ ಪರವಾನಗಿಯೂ ಬೇಕಾಗುತ್ತದೆ.

ಬೆಕ್ಕಿಗೆ ವಾಕಿಂಗ್ ಬೇಡ, ಪುಟ್ಟ ಮನೆಯೂ ನಡೆದೀತು. ಮನೆಯಲ್ಲಿ ಬಸುರಿಯರಿದ್ದರೆ ಅದರ ಮಲದ ತಟ್ಟೆಯನ್ನು ಬೇರೆಯವರು ಶುಚಿಮಾಡಬೇಕು. ಮೊಲ ನೋಡಲು ಮುದ್ದಾದರೂ ಎತ್ತಿಕೊಳ್ಳುವುದು ಅದಕ್ಕೆ ಇಷ್ಟವಾಗದು. ಕಿವಿ ಹಿಡಿದು ಎತ್ತುವುದಂತೂ ಕ್ರೌರ್ಯ. ಹ್ಯಾಮ್‌ಸ್ಟರ್ ಹಗಲೆಲ್ಲ ಮಲಗಿ ರಾತ್ರಿ ಎದ್ದಿರುವ ಪ್ರಾಣಿ, ಹಾಗಾಗಿ ಮಗುವಿನ ಜೊತೆ ಅದರ ವೇಳೆ ಹೊಂದದು. ಮೀನು ಸಾಕುವವರು ಗಾಜಿನ ಸಣ್ಣ ಬೋಗುಣಿ ಬಿಟ್ಟು, ನೀರು ಸೋಸುವ ವ್ಯವಸ್ಥೆಯಿರುವ ತೊಟ್ಟಿ ಇಡಲಿ.

ಅಡುಗೆಮನೆಯ ಒಂದು ಸಂಗತಿಯನ್ನು ಮಕ್ಕಳಿಗೆ ತಪ್ಪದೆ ಹೇಳಬೇಕು. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷ. ಪ್ರೀತಿಯಿಂದ ಹಂಚಿಕೊಂಡ ಹುಟ್ಟುಹಬ್ಬದ ಕೇಕು ಅದರ ಜೀವಕ್ಕೇ ಕುತ್ತಾಗಬಹುದು.

ಪಂಜರದ ಗಿಳಿಯ ವಿಷಯ ಬೇರೆಯೇ. ನಮ್ಮ ಹಸಿರು ಗಿಳಿ, ಮೈನಾ, ನಕ್ಷತ್ರ ಆಮೆ ಇವೆಲ್ಲ ಕಾಡುಜೀವಿಗಳು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇವನ್ನು ಹಿಡಿಯುವುದು, ಮಾರುವುದು, ಮನೆಯಲ್ಲಿಟ್ಟು ಸಾಕುವುದು ಅಪರಾಧ. ಜೈಲು ಶಿಕ್ಷೆಗೂ ಅವಕಾಶವಿದೆ. ಕೆಲವು ವಿದೇಶಿ ಜಾತಿಗಳನ್ನು ಸಾಕುವವರು ಸರ್ಕಾರದಲ್ಲಿ ನೋಂದಾಯಿಸಬೇಕೆಂಬ ನಿಯಮವೂ ಬಂದಿದೆ. ಅಂಗಡಿಯಲ್ಲಿ ಸಿಗುವ ಕೆಂಪು ಕಿವಿಯ ವಿದೇಶಿ ಆಮೆ ದೊಡ್ಡದಾದ ಮೇಲೆ ಕೆರೆಗೆ ಬಿಡುವವರಿದ್ದಾರೆ. ಅದು ನಮ್ಮ ಕೆರೆಯ ಆಮೆ, ಮೀನುಗಳಿಗೆ ಮಾರಕ.

ಕಚ್ಚದಂತೆ, ಕಚ್ಚಿದರೆ

ರೇಬೀಸ್ ಶಂಕೆಯಿರುವ ಪ್ರಾಣಿಗಳಿಂದ ಕಚ್ಚಿಸಿಕೊಳ್ಳುವವರಲ್ಲಿ ಸುಮಾರು ಶೇಕಡ 40ರಷ್ಟು ಮಂದಿ 15 ವರ್ಷದೊಳಗಿನ ಮಕ್ಕಳು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ಇಲ್ಲವೇ ಇಲ್ಲ ಎನ್ನುವಷ್ಟು ಅಪರೂಪ. ಸಕಾಲದಲ್ಲಿ ಚಿಕಿತ್ಸೆ ಸಿಕ್ಕರೆ ಪೂರ್ತಿಯಾಗಿ ತಡೆಯಬಹುದು. 1885ರ ಜುಲೈನಲ್ಲಿ ಲೂಯಿ ಪಾಶ್ಚರ್ ಅವರ ಲಸಿಕೆ ಪಡೆದು ಬದುಕಿದ ಜೋಸೆಫ್ ಮೈಸ್ಟರ್ ಕೂಡ ಒಂಬತ್ತು ವರ್ಷದ ಹುಡುಗನೇ.

ಮಕ್ಕಳಿಗೆ ಹೇಳಿಕೊಡಬೇಕಾದ್ದು ಇಷ್ಟು: ಉಣ್ಣುವ, ಮಲಗಿರುವ, ಮರಿಗೆ ಹಾಲೂಡಿಸುವ ನಾಯಿಯ ತಂಟೆಗೆ ಹೋಗಬಾರದು. ಗೊತ್ತಿಲ್ಲದ ನಾಯಿ ಹತ್ತಿರ ಬಂದರೆ ಓಡಬಾರದು, ಕಿರುಚಬಾರದು, ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದು. ಕೈಗಳನ್ನು ಮೈಗೆ ಒತ್ತಿಕೊಂಡು ಸುಮ್ಮನೆ ನಿಲ್ಲಬೇಕು. ಬೇರೆಯವರ ನಾಯಿಯನ್ನು ಸವರುವ ಮುನ್ನ ಅವರನ್ನು ಕೇಳಬೇಕು. ಗುರುಗುಟ್ಟುವುದು, ಬಾಲ ಮುದುಡುವುದು, ಮುಖ ತಿರುಗಿಸುವುದು ಎಲ್ಲವೂ ‘ನನ್ನ ಪಾಡಿಗೆ ಬಿಡು’ ಎನ್ನುವ ಸೂಚನೆಗಳೇ.

ಕಚ್ಚಿದರೆ, ಪರಚಿದರೆ, ಗಾಯವನ್ನು ನೆಕ್ಕಿದರೆ ತಕ್ಷಣ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಅರಿಸಿನ, ಸುಣ್ಣ, ಖಾರದಪುಡಿ, ಕಾಫಿಪುಡಿ ಯಾವುದನ್ನೂ ಮೆತ್ತಬಾರದು. ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಆರಂಭಿಸಬೇಕು. ರಕ್ತ ಬಂದ ಗಾಯಕ್ಕೆ ಲಸಿಕೆಯ ಜೊತೆ ಇಮ್ಯುನೊಗ್ಲೋಬುಲಿನ್ ಕೂಡ ಬೇಕು. ವೈದ್ಯರನ್ನು ಕೇಳಿ ಖಚಿತಪಡಿಸಿಕೊಳ್ಳಿ. ವೈದ್ಯರು ಬರೆದುಕೊಟ್ಟ ಎಲ್ಲ ದಿನಗಳಂದೂ ಚುಚ್ಚುಮದ್ದು ಹಾಕಿಸಲೇಬೇಕು, ನಡುವೆ ಬಿಡುವಂತಿಲ್ಲ. ಕಚ್ಚಿದ್ದು ಬೆಕ್ಕಾದರೂ, ಪುಟ್ಟ ನಾಯಿಮರಿಯಾದರೂ ಇದೇ ಕ್ರಮ. ಬೈಯುತ್ತಾರೆಂದು ಹೆದರಿ ಮಕ್ಕಳು ಗಾಯವನ್ನು ಮುಚ್ಚಿಡುವುದೇ ದೊಡ್ಡ ಅಪಾಯ. ‘ನಾಯಿ ಕಚ್ಚಿದರೆ ಬಂದು ಹೇಳು, ಯಾರೂ ಬೈಯುವುದಿಲ್ಲ’ ಎಂಬ ಮಾತನ್ನು ಪ್ರತಿ ಮಗುವಿಗೂ ಮುಂಚೆಯೇ ಹೇಳಿಟ್ಟಿರಬೇಕು.

ಸಾಕಿದ ನಾಯಿ, ಬೆಕ್ಕಿಗೆ ಮೂರು ತಿಂಗಳಾದಾಗ ರೇಬೀಸ್ ಲಸಿಕೆ, ಆಮೇಲೆ ಪಶುವೈದ್ಯರು ಹೇಳಿದಂತೆ ಮರುಲಸಿಕೆ, ಕಾಲಕಾಲಕ್ಕೆ ಜಂತುಹುಳುವಿನ ಔಷಧಿ ತಪ್ಪಕೂಡದು.

ಅಗಲಿಕೆಯ ದಿನ

ಅನೇಕ ಮಕ್ಕಳು ಸಾವನ್ನು ಮೊದಲು ಹತ್ತಿರದಿಂದ ಕಾಣುವುದು ಸಾಕಿದ ಪ್ರಾಣಿಯಲ್ಲೇ. ‘ಓಡಿಹೋಯಿತು’, ‘ಊರಿಗೆ ಕಳಿಸಿದ್ದೇವೆ’ ಎಂದು ಸುಳ್ಳು ಹೇಳಿದರೆ ಮಗು ದಿನಾ ಬಾಗಿಲು ಕಾಯುತ್ತದೆ. ‘ಮಲಗಿದೆ’ ಎಂದರೆ ಮಲಗುವುದಕ್ಕೇ ಹೆದರೀತು. ‘ಸತ್ತುಹೋಯಿತು, ಇನ್ನು ಬರುವುದಿಲ್ಲ, ಅದಕ್ಕೀಗ ನೋವಿಲ್ಲ’ ಎಂದು ನೇರವಾಗಿ, ಮೆಲ್ಲಗೆ ಹೇಳುವುದೇ ಸರಿ. ಅಳಲು ಬಿಡಿ, ಮಣ್ಣು ಮಾಡುವಾಗ ಒಂದು ಹೂವಿಡಲು ಬಿಡಿ, ಚಿತ್ರ ಬರೆಯಲು ಬಿಡಿ. ಮರುದಿನವೇ ಹೊಸ ಮರಿ ತಂದು ದುಃಖ ಮರೆಸುವ ಆತುರ ಬೇಡ.

ಸಾಕಲು ಆಗದಿದ್ದರೆ

ಬಾಡಿಗೆ ಮನೆ, ಅಲರ್ಜಿ, ಖರ್ಚು, ಪುರುಸೊತ್ತಿನ ಕೊರತೆ, ಇವೆಲ್ಲ ನಿಜವಾದ ಕಾರಣಗಳೇ. ಅದಕ್ಕಾಗಿ ಮಗುವನ್ನು ಪ್ರಾಣಿಲೋಕದಿಂದ ದೂರ ಇಡಬೇಕಿಲ್ಲ. ಬಾಲ್ಕನಿಯಲ್ಲಿ ಅಗಲವಾದ ಮಣ್ಣಿನ ತಟ್ಟೆಯಲ್ಲಿ ನೀರಿಟ್ಟು ದಿನಾ ಬದಲಿಸಿದರೆ ಪಿಕಳಾರ, ಮಡಿವಾಳ ಹಕ್ಕಿಗಳು ಬಂದಾವು. ಯಾವ ಹಕ್ಕಿ ಯಾವ ಹೊತ್ತಿಗೆ ಬಂತೆಂದು ಮಗು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಪ್ರತಿ ಫೆಬ್ರುವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ನಡೆಯುವ ಹಿತ್ತಿಲ ಹಕ್ಕಿಗಳ ಎಣಿಕೆಯಲ್ಲಿ ಮಕ್ಕಳೂ ಪಾಲ್ಗೊಳ್ಳಬಹುದು. 1892ರಲ್ಲಿ ಆರಂಭವಾದ ಮೈಸೂರು ಮೃಗಾಲಯದಲ್ಲಿ ಹಣ ಕಟ್ಟಿ ಪ್ರಾಣಿಯೊಂದನ್ನು ದತ್ತು ಪಡೆಯುವ ಯೋಜನೆಯಿದೆ. ಹುಟ್ಟುಹಬ್ಬದ ಖರ್ಚಿನ ಒಂದು ಪಾಲನ್ನು ಮಗುವಿನ ಹೆಸರಿನಲ್ಲಿ ಅದಕ್ಕೆ ಕೊಡಬಹುದು. ಕಿವಿ ಎಂಬ ನಾಯಿಯ ಜೊತೆ ಕಾಡು ಸುತ್ತುವ ಪೂರ್ಣಚಂದ್ರ ತೇಜಸ್ವಿಯವರ ‘ಪರಿಸರದ ಕತೆ’ಯನ್ನು ರಾತ್ರಿ ಒಟ್ಟಿಗೆ ಕೂತು ಓದಬಹುದು. ರಜೆಯಲ್ಲಿ ಹಳ್ಳಿಯ ನೆಂಟರ ಮನೆಗೆ ಕಳಿಸಿ, ಹಿಂಡಿ ಕಲಸುವುದು, ಕರು ಕಟ್ಟುವುದು ಕಲಿಯಲು ಬಿಡಬಹುದು.

ಈ ರಜೆಯಲ್ಲಿ ಮಗು ಮತ್ತೆ ‘ಮರಿ ಬೇಕು’ ಎಂದರೆ ತಕ್ಷಣ ಹೂಂ ಅನ್ನುವುದೂ ಬೇಡ, ಊಹೂಂ ಅನ್ನುವುದೂ ಬೇಡ. ಮನೆಮಂದಿಯೆಲ್ಲ ಕೂತು ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆಯಿರಿ: ಬೆಳಿಗ್ಗೆ ಅದನ್ನು ನೋಡಿಕೊಳ್ಳುವವರು ಯಾರು, ಊಟ-ಔಷಧಿಗೆ ತಿಂಗಳಿಗೆ ಎಷ್ಟು ಹಣ ತೆಗೆದಿಡಬಲ್ಲೆವು, ಊರಿಗೆ ಹೋದಾಗ ಅದು ಎಲ್ಲಿರುತ್ತದೆ, ಹತ್ತು ವರ್ಷದ ನಂತರ ಅದರ ಹೊಣೆ ಯಾರದು? ನಾಲ್ಕಕ್ಕೂ ಹೆಸರು, ಲೆಕ್ಕ ಸಮೇತ ಉತ್ತರ ಸಿಕ್ಕಿದರೆ ಮರಿಯನ್ನು ಮನೆಗೆ ಕರೆತನ್ನಿ. ಒಂದಕ್ಕೆ ಸಿಗದಿದ್ದರೂ ಈ ವರ್ಷ ಬಾಲ್ಕನಿಯ ನೀರಿನ ತಟ್ಟೆಯಿಂದ ಶುರುಮಾಡಿ.